ಅಕ್ಕಿಯೊಳಗಿನ ಚಾಕು

ಹೊಳೆದಂಡೆಯ ಮಠದಲ್ಲಿ ಅಡುಗೆಮನೆ ನೋಡಿಕೊಳ್ಳುತ್ತಿದ್ದವನು ಮಡಿವಾಳಯ್ಯ. ಬೆಂಕಿಗೆ ಹೆದರದವನು, ಹಾವಿಗೂ ಹೆದರದವನು. ಚಾಕು ಕಂಡರೆ ಮಾತ್ರ ಅವನ ಜೀವ ಬಾಯಿಗೆ ಬರುತ್ತಿತ್ತು.

ಅದಕ್ಕೆ ಕಾರಣವಿತ್ತು. ಮೊದಲೆಲ್ಲ ಸೌಟು, ಚಾಕು ಒಂದೇ ಬುಟ್ಟಿಯಲ್ಲಿ ಬಿದ್ದಿರುತ್ತಿದ್ದವು. ಸೌಟು ಹುಡುಕಲು ಕೈ ಹಾಕಿದ, ಊಟ ಬಡಿಸುವ ಸಂಗಯ್ಯನ ಬೆರಳು ಸೀಳಿ ನೆಲವೆಲ್ಲ ರಕ್ತವಾಗಿತ್ತು.

ಅಂದಿನಿಂದ ಮಡಿವಾಳಯ್ಯ ಚಾಕುಗಳನ್ನು ಬಚ್ಚಿಡತೊಡಗಿದ. ಒಂದನ್ನು ಕಟ್ಟಿಗೆಯ ರಾಶಿಯಲ್ಲಿ, ಒಂದನ್ನು ಮಾಡಿನ ಸಂದಿಯಲ್ಲಿ. ಯಾರಿಗೂ ತಿಳಿಯಬಾರದೆಂದು ದಿನವೂ ಜಾಗ ಬದಲಿಸುತ್ತಿದ್ದ. ಬದನೆಕಾಯಿ ಹೆಚ್ಚಲು ಬಂದವರನ್ನು ಹೊರಗೆ ನಿಲ್ಲಿಸಿ ಚಾಕು ತೆಗೆದುಕೊಡುತ್ತಿದ್ದ. ಜನ ನಕ್ಕರು. ನಗದೆ ಏನು ಮಾಡಿಯಾರು?

ಒಂದು ಬೆಳಿಗ್ಗೆ ದೊಡ್ಡ ಚಾಕು ಸಿಗಲಿಲ್ಲ.

ಕಟ್ಟಿಗೆಯೆಲ್ಲ ಕಿತ್ತು ಹಾಕಿದ. ಮಾಡು ತಡಕಿದ. ಎಲ್ಲಿಟ್ಟೆ ಎಂಬುದೇ ತಲೆಯಿಂದ ಹಾರಿಹೋಗಿತ್ತು.

ಅಷ್ಟರಲ್ಲಿ ಮಠದ ಗುರುಗಳು, ಎಲ್ಲರೂ ಅಜ್ಜನವರು ಎನ್ನುತ್ತಿದ್ದವರು, ಗೋಡೆ ಹಿಡಿದುಕೊಂಡು ಒಳಗೆ ಬಂದರು. ಕಣ್ಣು ಪೂರಾ ಮಂಜಾಗಿದ್ದರೂ ಒಂದು ಪದ್ಧತಿಯನ್ನು ಅವರು ಬಿಟ್ಟಿರಲಿಲ್ಲ. ದಿನದ ಅನ್ನಕ್ಕೆ ಮೊದಲ ಬೊಗಸೆ ಅಕ್ಕಿ ಅವರ ಕೈಯಿಂದಲೇ ಬೀಳಬೇಕು.

ಅವರು ಅಕ್ಕಿ ತುಂಬಿದ ಮಣ್ಣಿನ ಹರಿವಿಯತ್ತ ಬಾಗಿದರು.

ನಿನ್ನೆ ಆ ಹರಿವಿಯ ಮುಚ್ಚಳ ತೆಗೆದದ್ದು ಮಡಿವಾಳಯ್ಯನಿಗೆ ನೆನಪಾಯಿತು. ಯಾಕೆ ತೆಗೆದೆ ಎಂಬುದು ನೆನಪಾಗಲಿಲ್ಲ. ಅವನು ಕೂಗಿಕೊಂಡ.

“ಅಜ್ಜಾರ, ಕೈ ಹಾಕಬ್ಯಾಡ್ರಿ!”

“ಯಾಕಪಾ?”

“ಅದರಾಗ ಚಾಕು ಇರಬಹುದ್ರಿ.”

“ಇರಬಹುದೋ, ಐತೋ?”

“ಗೊತ್ತಿಲ್ರಿ. ನಾನ ಬಚ್ಚಿಟ್ಟೀನಿ. ಎಲ್ಲಿ ಅಂತ ಮರತೀನ್ರಿ.”

“ಬಚ್ಚಿಟ್ಟಿ ಯಾಕ?”

“ಮತ್ತ ಯಾರಿಗೂ ಗಾಯ ಆಗಬಾರದು ಅಂತ್ರಿ.”

ಅಜ್ಜನವರು ಪಕ್ಕಕ್ಕೆ ಸರಿದರು. “ಹಂಗಾದ್ರ ಇವತ್ತಿನ ಮೊದಲ ಬೊಗಸಿ ನೀನ ತಗಿ.”

ಮಡಿವಾಳಯ್ಯ ಹರಿವಿಯ ಮುಂದೆ ಕುಳಿತ. ಕೈ ಮುಂದೆ ಹೋಗಲಿಲ್ಲ. ದಿನವೂ ತೊಳೆದು ಬೇಯಿಸಿದ ಅದೇ ಅಕ್ಕಿ. ಇಂದು ಅದನ್ನು ಮುಟ್ಟಲೂ ಅವನಿಗೆ ಹೆದರಿಕೆಯಾಯಿತು.

ಕೊನೆಗೆ ಹರಿವಿಯನ್ನೇ ಚಾಪೆಯ ಮೇಲೆ ಬಗ್ಗಿಸಿದ. ಅಕ್ಕಿಯ ಜೊತೆ ಚಾಕು ಜಾರಿ ಬಂದು ಅಜ್ಜನವರ ಬರಿಗಾಲಿನ ಹತ್ತಿರ ನಿಂತಿತು.

ಮಡಿವಾಳಯ್ಯ ಅತ್ತುಬಿಟ್ಟ.

ಅಜ್ಜನವರು ಅಂದೇ ಬಡಿಗನನ್ನು ಕರೆಸಿದರು. ಒಲೆಯ ಪಕ್ಕದ ಗೋಡೆಗೆ, ಒಳಗೆ ಬಂದವರಿಗೆ ಮೊದಲು ಕಾಣುವಲ್ಲಿ, ಸಾಲಾಗಿ ಸೀಳು ಕೊರೆದ ಹಲಗೆಯೊಂದನ್ನು ಹೊಡೆಸಿದರು. ಚಾಕುಗಳೆಲ್ಲ ಅದರಲ್ಲಿ ಸಾಲಾಗಿ ಕುಳಿತವು. ಅಲಗು ಒಳಗೆ, ಹಿಡಿ ಹೊರಗೆ.

ಮಡಿವಾಳಯ್ಯ ದೂರವೇ ನಿಂತಿದ್ದ. “ಎಲ್ಲಾ ಕಣ್ಣ ಮುಂದ ಅದಾವ್ರಿ, ಅಜ್ಜಾರ. ನನಗಿನ್ನೂ ಹೆದರಿಕಿ ಆಗ್ತೈತ್ರಿ.”

ಅಜ್ಜನವರು ಗೋಡೆ ಸವರುತ್ತ ಹೋಗಿ, ದೊಡ್ಡ ಚಾಕುವಿನ ಹಿಡಿ ಮುಟ್ಟಿ, ಕೈ ಹಿಂದಕ್ಕೆ ತೆಗೆದುಕೊಂಡರು.

“ಹೆದರು ತಮ್ಮಾ. ಚಾಕೂಗಷ್ಟ ಹೆದರು. ಅಕ್ಕಿಗೆ ಬ್ಯಾಡ.”