ಹಾಕಾ ಕುಣಿತಕ್ಕೆ ಸೋವಣ್ಣನ ಉತ್ತರ

"ಕುಣಿಯುವವರನ್ನು ಕಂಡು ಓಡುವ ಗಂಡು ನಾನಲ್ಲ!" ಎಂದು ದಳವಾಯಿ ಹುಲಿಯಪ್ಪ ಮೀಸೆ ತಿರುವಿದ. ಹಾಗೆನ್ನುವಾಗ ಅವನು ತೆಂಗಿನಮರದ ತುದಿಯಲ್ಲಿದ್ದ.

ಆದದ್ದಿಷ್ಟು. ದೂರದ ದ್ವೀಪದಿಂದ ಮಾವೊರಿ ಆಟಗಾರರ ಹಡಗೊಂದು ದೊರೆ ಕೆಂಚರಾಯನ ಕಡಲದಂಡೆಗೆ ಬಂದಿತ್ತು. ಮೊಟ್ಟೆಯಾಕಾರದ ಚೆಂಡು ಹಿಡಿದು ಒಬ್ಬರನ್ನೊಬ್ಬರು ಕೆಡವುವ ರಗ್ಬಿ ಆಟಕ್ಕೆ ಅವರು ಕರೆದರು. ರಾಯ ಹಿಂದುಮುಂದು ನೋಡದೆ ಒಪ್ಪಿಬಿಟ್ಟ.

ಆಟಕ್ಕೆ ಮೊದಲು ಅವರು ಸಾಲಾಗಿ ನಿಂತು, ತೊಡೆ ತಟ್ಟಿ, ಕಣ್ಣರಳಿಸಿ, ನಾಲಗೆ ಚಾಚಿ ತಮ್ಮ ಹಿರಿಯರ 'ಹಾಕಾ' ಕುಣಿದರು. ನೆಲ ನಡುಗಿತು. ರಾಯನ ಹದಿನೈದು ಜಟ್ಟಿಗಳೂ ದಿಕ್ಕಾಪಾಲಾದರು.

ಅವರ ನಾಯಕ ವಿರೇಮು ದುಬಾಶಿಯ ಮೂಲಕ ಹೇಳಿದ: "ಇದು ಸವಾಲೂ ಹೌದು, ಎದುರಾಳಿಗೆ ನಾವು ಕೊಡುವ ಮರ್ಯಾದೆಯೂ ಹೌದು. ನಿಮ್ಮ ಉತ್ತರ ಕೇಳಲು ನಾಳೆ ಬರುತ್ತೇವೆ."

ರಾಯ ಆಸ್ಥಾನದ ವಿದೂಷಕ ಸೋವಣ್ಣನನ್ನು ಕರೆಸಿದ. ಸೋವಣ್ಣನೋ, ಗಾಳಿ ಬೀಸಿದರೆ ಕಂಬ ಹಿಡಿದುಕೊಳ್ಳುವ ಕಡ್ಡಿ ಪೈಲ್ವಾನ.

"ಬೆನ್ನು ತಿರುಗಿಸಿದರೆ ಅತಿಥಿಗಳಿಗೆ ಅವಮಾನ. ನಾವೂ ಕುಣಿದರೆ ನಗೆಪಾಟಲು. ಉತ್ತರ ಹುಡುಕು. ಇಲ್ಲದಿದ್ದರೆ ನಾಳೆ ಎಲ್ಲರಿಗಿಂತ ಮುಂದೆ ನಿಂತು ನೀನೇ ಆಡಬೇಕು!" ಎಂದ ರಾಯ.

"ಐವತ್ತು ಆನೆ ನಿಲ್ಲಿಸಿ ಘೀಳಿಡಿಸೋಣ," ಎಂದ ಹುಲಿಯಪ್ಪ.

"ಆನೆಗಳೂ ಓಡಿದರೆ ಹಿಡಿಯುವವರು ಯಾರು ದಳವಾಯಿಗಳೇ?" ಎಂದ ಸೋವಣ್ಣ. ವಿರೇಮುವಿನ ಭುಜ ಕೋಟೆಬಾಗಿಲಿನಷ್ಟು ಅಗಲವಿದ್ದುದನ್ನು ಅವನು ಕಂಡಿದ್ದ.

ಮರುದಿನ ಮಧ್ಯಾಹ್ನ ಬಯಲು ತುಂಬ ಜನ. ಜಟ್ಟಿಗಳು ಮತ್ತೆ ಓಡದಂತೆ ಸೋವಣ್ಣ ಅವರ ಸೊಂಟಗಳಿಗೆ ಒಂದೇ ಹಗ್ಗ ಬಿಗಿದಿದ್ದ. ಹಾಕಾ ಮೊಳಗಿತು. ಅವನು ಮುಂದೆ ನಿಂತು, ರೆಪ್ಪೆ ಮಿಟುಕಿಸದೆ ನೋಡಿದ. ಮುಗಿದೊಡನೆ ಕೈಮುಗಿದು, "ಭಲೆ! ಮತ್ತೊಮ್ಮೆ!" ಎಂದ.

ವಿರೇಮು ಹಿಗ್ಗಿದ. ಮತ್ತೊಮ್ಮೆ ಕುಣಿದರು.

"ಹಿಂದೆ ಕೂತ ಅಜ್ಜಿಯರಿಗೆ ಕಾಣಲಿಲ್ಲವಂತೆ. ಇನ್ನೊಮ್ಮೆ!"

ಕುಣಿದರು.

"ಮೂರನೆಯ ಸಾಲಿನ ಅರ್ಥವೇನು?" ವಿರೇಮು ಪ್ರೀತಿಯಿಂದ ಬಿಡಿಸಿ ಹೇಳಿದ. "ಓಹೋ! ಅರ್ಥ ತಿಳಿದು ನೋಡಿದರೆ ಸೊಗಸೇ ಬೇರೆ. ಇನ್ನೊಂದೇ ಒಂದು ಸಲ!"

ಅಷ್ಟರಲ್ಲಿ ಊರಿಗೆ ಊರೇ ತೊಡೆ ತಟ್ಟತೊಡಗಿತು. ರಾಣಿಯೂ ಕಣ್ಣರಳಿಸಿದಳು. ಹುಲಿಯಪ್ಪ ಚಾಚಿದ ನಾಲಗೆಯನ್ನು ಒಳಗೆಳೆದುಕೊಳ್ಳುವುದನ್ನೇ ಮರೆತ. ಹನ್ನೊಂದನೆಯ ಸುತ್ತು ಮುಗಿಯುವಾಗ ಸೂರ್ಯ ಕಡಲಿಗಿಳಿದ. ಚೆಂಡು ಯಾರಿಗೂ ಕಾಣದಾಯಿತು.

ವಿರೇಮು ಬೆವರೊರೆಸಿಕೊಳ್ಳುತ್ತ ಬಂದು ಸೋವಣ್ಣನನ್ನು ತಬ್ಬಿ, "ಎಲ್ಲೆಲ್ಲೋ ಕುಣಿದಿದ್ದೇವೆ. ಹೆದರದೆ ಇಷ್ಟು ಹೊತ್ತು ನೋಡಿದವನು ನೀನೊಬ್ಬನೇ!" ಎಂದ.

ರಾಯ ತನ್ನ ಶಾಲನ್ನು ಸೋವಣ್ಣನಿಗೆ ಹೊದಿಸಿ, ಕಿವಿಯಲ್ಲಿ ಕೇಳಿದ: "ನಿಜ ಹೇಳು, ನಿನಗೆ ಹೆದರಿಕೆಯೇ ಆಗಲಿಲ್ಲವೆ?"

"ಆಯಿತು ಮಹಾಪ್ರಭು. ಪ್ರತಿ ಸಲ ಕುಣಿತ ಮುಗಿದಾಗಲೂ ಜೀವ ಬಾಯಿಗೆ ಬರುತ್ತಿತ್ತು."

"ಮುಗಿದಾಗಲೆ? ಏಕೆ?"

"ಆಮೇಲೆ ಆಟ ಶುರುವಾಗುತ್ತದಲ್ಲ!"