ಯಕ್ಷನಿಗೆ ಎಷ್ಟು ಕೇಳಿಸಲಿ?

ಮೊದಲೇ ಕ್ಷಮೆ ಕೇಳುತ್ತೇನೆ. ನನಗೆ ಬರೆದು ರೂಢಿಯಿಲ್ಲ. ಗುರುಗಳು ಈ ಕತೆ ಹೇಳಿದಾಗ ಅದರಲ್ಲಿ ಒಂದು ಮಾತೂ ಹೆಚ್ಚಿರಲಿಲ್ಲ. ನಾನು ಹೇಳುವಾಗ ಹೆಚ್ಚಾಗುತ್ತದೆ, ಅದು ನನಗೆ ಗೊತ್ತು. ಕೆಟ್ಟದ್ದು ಕಂಡರೆ ನನ್ನದು, ಒಳ್ಳೆಯದು ಕಂಡರೆ ಐತಪ್ಪ ಮಾಸ್ತರರದು ಎಂದು ತಿಳಿಯಬೇಕು.

ನಾನು ಕೇಳಿದ ಪ್ರಶ್ನೆ ಇದು:

"ಗುರುಗಳೇ, ಎಲ್ಲರ ಮನಸ್ಸೂ ಕೇಳಿಸುವ ಪಾತ್ರಕ್ಕೆ ಅರ್ಥ ಹೇಳುವುದು ಹೇಗೆ?"

ಪ್ರಶ್ನೆ ಯಾಕೆ ಹುಟ್ಟಿತೆಂದು ಹೇಳದಿದ್ದರೆ ಮುಂದಿನದು ತಿಳಿಯುವುದಿಲ್ಲ. ನಮ್ಮದು ಭಾನುವಾರದ ತಾಳಮದ್ದಳೆ. ಇದರಲ್ಲಿ ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪದ ಹಾಡುತ್ತಾರೆ. ನಾವು ಎದುರುಬದುರು ಚಾಪೆಯ ಮೇಲೆ ಕೂತು, ಆ ಪದದಲ್ಲಿ ಬಂದ ಪಾತ್ರವೇ ಆಗಿ ಮಾತಾಡುತ್ತೇವೆ. ಹೀಗೆ ಮಾತಾಡುವುದಕ್ಕೆ ಅರ್ಥ ಹೇಳುವುದು ಎನ್ನುತ್ತಾರೆ. ಮಾತನ್ನು ಯಾರೂ ಬರೆದು ಕೊಡುವುದಿಲ್ಲ. ಒಬ್ಬರ ಮಾತು ಕೇಳಿ ಇನ್ನೊಬ್ಬರಿಗೆ ಮಾತು ಹುಟ್ಟಬೇಕು.

ಈ ವರ್ಷ ನಾವೇ ಕೂಡಿ ಒಂದು ಹೊಸ ಪ್ರಸಂಗ ಕಟ್ಟಿದೆವು. ಅದರಲ್ಲಿ ಒಬ್ಬ ಗಂಧರ್ವ ಇದ್ದಾನೆ. ಇತರರ ಮನಸ್ಸಿನ ಮಾತು ಅವನಿಗೆ ಕೇಳಿಸುತ್ತದೆ. ಆ ಪಾತ್ರ ನನಗೆ ಬಂತು. ನನ್ನ ಎದುರಿಗೆ ಜಲಜಕ್ಕ, ಗಡೀಪಾರಾದ ರಾಣಿಯ ಪಾತ್ರದಲ್ಲಿ. ಅವರು ಹೊಲಿಗೆ ಕಲಿಸುವವರು, ಅರ್ಥ ಹೇಳುವುದರಲ್ಲಿ ನನಗಿಂತ ಇಪ್ಪತ್ತು ವರ್ಷ ಹಿರಿಯರು. ಮೊದಲ ದಿನವೇ ನಾನು ರಾಣಿಯ ಮನಸ್ಸಿನಲ್ಲಿ ಇರುವುದನ್ನೆಲ್ಲ ಒಂದೇ ಉಸಿರಿಗೆ ಹೇಳಿಬಿಟ್ಟೆ. ಜನ ಚಪ್ಪಾಳೆ ತಟ್ಟಿದರು. ಜಲಜಕ್ಕ ಸುಮ್ಮನೆ ಕೂತರು. ಮುಂದಿನ ಎರಡು ಭಾನುವಾರ ಅವರು ಬರಲಿಲ್ಲ. ನಾನು ಏನು ತಪ್ಪು ಮಾಡಿದೆನೆಂದು ನನಗೆ ತಿಳಿಯಲಿಲ್ಲ. ಪಾತ್ರಕ್ಕೆ ಆ ಶಕ್ತಿ ಇದೆಯಲ್ಲ, ಅದನ್ನೇ ತೋರಿಸಿದೆ ಎಂದುಕೊಂಡಿದ್ದೆ. ಹಾಗಾಗಿ ಮಾಸ್ತರರಲ್ಲಿ ಕೇಳಿದೆ.

ಮಾಸ್ತರರು ಈ ಕತೆ ಹೇಳಿದರು.

ಹಿಂದೆ ಒಂದು ಊರಿನಲ್ಲಿ ಒಬ್ಬ ನೇಕಾರನೂ ಒಬ್ಬ ಬಳೆಗಾರನೂ ಇದ್ದರು. ಇಬ್ಬರೂ ಗೆಳೆಯರು. ವಾರಕ್ಕೊಮ್ಮೆ ತಾಳಮದ್ದಳೆಗೆ ಕೂರುವರು. ನೇಕಾರ ದಿನವಿಡೀ ಮಗ್ಗದ ಮುಂದೆ ಒಬ್ಬನೇ ಇರುವವನು, ಚಾಪೆಗೆ ಬಂದರೆ ಅವನ ಮಾತಿಗೆ ತಡೆಯಿರಲಿಲ್ಲ. ಬಳೆಗಾರ ದಿನವಿಡೀ ಮನೆಯಿಂದ ಮನೆಗೆ ಹೋಗಿ, ಕೊಳ್ಳುವವರಿಗೆ ಹಿತವಾದ ಮಾತನ್ನೇ ಆಡುವವನು. ತನ್ನ ಮಾತು ಎಂದು ಅವನು ಆಡುತ್ತಿದ್ದದ್ದು ಆ ಚಾಪೆಯ ಮೇಲೆ ಮಾತ್ರ.

(ಇಲ್ಲಿ ಮಾಸ್ತರರು ಒಂದು ಕ್ಷಣ ನಿಲ್ಲಿಸಿ ನನ್ನನ್ನು ನೋಡಿದರು. ಆಗ ಯಾಕೆಂದು ತಿಳಿಯಲಿಲ್ಲ. ಈಗ ತಿಳಿಯುತ್ತದೆ.)

ಆ ಊರಿನವರು ಒಂದು ಪ್ರಸಂಗ ಕಟ್ಟಿದರು. ಒಂದು ಕೋಟೆ. ಶತ್ರು ಹೊರಗೆ ಕಾದಿದ್ದಾನೆ. ಒಂದು ದಿನ ಕೋಟೆಯ ಮಂತ್ರಿಯೇ ಬಾಗಿಲು ತೆರೆದುಬಿಡುತ್ತಾನೆ. ಕೋಟೆ ಹೋಗುತ್ತದೆ. ಯಾಕೆ ತೆರೆದೆ ಎಂದು ವಿಚಾರಿಸಲು ಒಬ್ಬ ಯಕ್ಷ ಬರುತ್ತಾನೆ. ಯಕ್ಷನಿಗೆ ಎಲ್ಲರ ಮನಸ್ಸೂ ಕೇಳಿಸುತ್ತದೆ. ನೇಕಾರ ಯಕ್ಷನಾದ. ಬಳೆಗಾರ ಮಂತ್ರಿಯಾದ. ಪದದಲ್ಲಿ ಇದ್ದದ್ದು ಇಷ್ಟೇ: ಯಕ್ಷ ಕೇಳಿದ, ಮಂತ್ರಿ ತಲೆ ತಗ್ಗಿಸಿದ. ಬಾಗಿಲು ಯಾಕೆ ತೆರೆದ ಎಂಬುದು ಪದದಲ್ಲಿ ಇರಲಿಲ್ಲ. ಅದನ್ನು ಮಂತ್ರಿ ಹೇಳಬೇಕು.

ಬಳೆಗಾರ ಒಂದು ತಿಂಗಳು ಅದನ್ನೇ ಯೋಚಿಸಿದ. ಹೆಗಲಿಗೆ ಮಲಾರ ಹಾಕಿಕೊಂಡು ನಡೆಯುವಾಗಲೂ ಅದೇ. (ಮಲಾರವೆಂದರೆ ಬಳೆಗಳ ಕಟ್ಟು.) ಕೊನೆಗೆ ಒಂದು ಮಾತು ಸಿಕ್ಕಿತು. ಅದನ್ನು ಯಾರಿಗೂ ಹೇಳದೆ ಇಟ್ಟುಕೊಂಡ.

ತಾಳಮದ್ದಳೆಯ ದಿನ ಬಂತು. ಭಾಗವತ ಪದ ಮುಗಿಸಿದ. ಮಂತ್ರಿ ತಲೆ ತಗ್ಗಿಸಿದ. ನೇಕಾರ ಹೇಳಿದ: "ಎಲೈ ಮಂತ್ರಿ, ನೀನು ಬಾಯಿ ತೆರೆಯಬೇಕಾಗಿಲ್ಲ. ನಿನ್ನ ಮನಸ್ಸು ನನಗೆ ಕೇಳಿಸುತ್ತದೆ. ಶತ್ರುವಿನ ಹೊನ್ನಿಗೆ ಆಸೆಪಟ್ಟು ಬಾಗಿಲು ತೆರೆದೆ. ಈಗ ಪ್ರಾಣಭಯದಿಂದ ನಡುಗುತ್ತಿದ್ದೀಯೆ." ಜನ ತಲೆದೂಗಿದರು. ನೇಕಾರ ಇನ್ನಷ್ಟು ಹೇಳಿದ. ಬಾಲ್ಯದಲ್ಲಿ ಮಂತ್ರಿ ಕದ್ದದ್ದನ್ನೂ ಬಿಡಲಿಲ್ಲ.

ಬಳೆಗಾರನ ಮಾತು ಅಲ್ಲಿಗೇ ನಿಂತಿತು. ಹಾಗಲ್ಲ ಎನ್ನುವಂತಿಲ್ಲ. ಯಕ್ಷನಿಗೆ ಮನಸ್ಸು ಕೇಳಿಸುತ್ತದೆ ಎಂದು ಪ್ರಸಂಗವೇ ಹೇಳಿದೆ. ಹಾಗಲ್ಲ ಎಂದರೆ ಒಂದೋ ಯಕ್ಷ ಸುಳ್ಳನಾಗಬೇಕು, ಇಲ್ಲವೇ ಮಂತ್ರಿ ಸುಳ್ಳನಾಗಬೇಕು. "ಯಕ್ಷನೇ ಹೇಳಿದ ಮೇಲೆ ನಾನು ಹೇಳುವುದು ಏನಿದೆ?" ಎಂದಷ್ಟೇ ಹೇಳಿ ಅವನು ಸುಮ್ಮನಾದ.

ಮುಗಿದ ಮೇಲೆ ನೇಕಾರ ಕೇಳಿದ: "ಇವತ್ತು ನನ್ನ ಮಾತು ಹೇಗಿತ್ತು?"

"ನಿನ್ನದು ಚೆನ್ನಾಗಿತ್ತು," ಎಂದ ಬಳೆಗಾರ. "ನನ್ನದನ್ನೂ ನೀನೇ ಹೇಳಿದೆಯಲ್ಲ, ಅದೂ ಚೆನ್ನಾಗಿತ್ತು."

ಮುಂದಿನ ವಾರ ಬಳೆಗಾರ ಬರಲಿಲ್ಲ. ನೇಕಾರ ಇನ್ನೊಬ್ಬನನ್ನು ಕೂರಿಸಿದ. ಅವನೂ ಒಂದೇ ದಿನಕ್ಕೆ ಸಾಕೆಂದ. ಮೂರನೆಯವನು ಸಿಗಲೇ ಇಲ್ಲ. ಎಲ್ಲರ ಮನಸ್ಸೂ ಕೇಳಿಸುವ ಯಕ್ಷ ಚಾಪೆಯ ಮೇಲೆ ಒಬ್ಬನೇ ಕೂತ. ಅವನಿಗೆ ಕೇಳಿಸಲು ಒಂದು ಮನಸ್ಸೂ ಎದುರಿಗೆ ಇರಲಿಲ್ಲ. ಮನೆಯಲ್ಲಿ ಮಗ್ಗದ ಮುಂದೆ ಹೇಗೋ, ಇಲ್ಲಿಯೂ ಹಾಗೇ ಆಯಿತು.

ಆಗ ನೇಕಾರನ ಮಗಳು ಬಸುರಿ. ತವರಿಗೆ ಬಂದಿದ್ದಳು. ಬಳೆ ತೊಡಿಸುವ ಶಾಸ್ತ್ರಕ್ಕೆ ಬಳೆಗಾರನನ್ನು ಕರೆಯಲೇಬೇಕು. ಮುನಿಸಿದ್ದರೂ ಅಂಥ ಕರೆಗೆ ಬಳೆಗಾರ ಬರಲೇಬೇಕು. ಅವನು ಬಂದ. ನೇಕಾರನ ಕಡೆ ನೋಡಲಿಲ್ಲ. ಮಲಾರ ಇಳಿಸಿದ. ಹುಡುಗಿಯ ಕೈಯನ್ನು ಒಂದು ಸಲ ನೋಡಿದ. ನೂರು ಬಳೆಗಳಲ್ಲಿ ಅವಳ ಅಳತೆಯದನ್ನೇ ತೆಗೆದ. ತೆಗೆದು, ಹಿಡಿದುಕೊಂಡು, ಸುಮ್ಮನೆ ಕೂತ.

"ಯಾಕೆ ಮಾವ, ಅಳತೆ ಗೊತ್ತಾಗಲಿಲ್ಲವಾ?" ಎಂದಳು ಹುಡುಗಿ.

"ಅಳತೆ ನೀನು ಹೊಸ್ತಿಲು ದಾಟುವಾಗಲೇ ಗೊತ್ತಾಯಿತು ಮಗಳೇ. ನಿನ್ನ ಕೈ ಇನ್ನೂ ಬಿಗಿಯಾಗಿದೆ. ಗೊತ್ತಿದೆ ಅಂತ ನಾನು ನೂಕಿದರೆ ಗಾಜೂ ಒಡೆಯುತ್ತದೆ, ಕೈಯೂ ಕೊಯ್ಯುತ್ತದೆ. ನೀನು ಸಡಿಲ ಬಿಡು. ನನಗೇನು ಅವಸರ? ಊಟ ಹಾಕದೆ ನಿನ್ನ ಅಪ್ಪ ಕಳಿಸುವುದಿಲ್ಲವಲ್ಲ."

ಹುಡುಗಿ ನಕ್ಕಳು. ನಗುವಾಗ ಕೈ ತಾನಾಗಿ ಸಡಿಲವಾಯಿತು. ಬಳೆ ಒಳಗೆ ಹೋಯಿತು. ಹೀಗೆ ಒಂದೊಂದಾಗಿ ಎರಡು ಕೈಗೂ ಬಳೆ ತೊಡಿಸಿದ. ಒಂದೂ ಒಡೆಯಲಿಲ್ಲ.

ನೇಕಾರ ಬಾಗಿಲಿನ ಬಳಿ ನಿಂತು ಇದನ್ನು ನೋಡಿದ. ಊಟ ಬಡಿಸಿದ. ಕೈ ತೊಳೆಯಲು ನೀರು ಹಾಕುತ್ತ ಹೇಳಿದ: "ಈ ವಾರ ಚಾಪೆಗೆ ಬಾ."

"ಬಂದು ಏನು ಮಾಡಲಿ? ನನ್ನ ಮನಸ್ಸನ್ನೂ ನೀನೇ ಹೊತ್ತುಕೊಂಡಿದ್ದೀಯಲ್ಲ."

"ತಪ್ಪಾಯಿತು," ಎಂದ ನೇಕಾರ. "ಒಂದು ಮಾತು ಕೇಳುತ್ತೇನೆ. ಯಕ್ಷನಿಗೆ ಎಷ್ಟು ಕೇಳಿಸಲಿ?"

ಬಳೆಗಾರ ಒದ್ದೆ ಕೈ ಒರೆಸಿಕೊಂಡ. ಈ ಪ್ರಶ್ನೆಯನ್ನು ಅವನಿಗೆ ಯಾರೂ ಕೇಳಿರಲಿಲ್ಲ. "ಒಳಗೆ ಏನೋ ಇದೆ ಎಂಬಷ್ಟು ಕೇಳಿಸಲಿ," ಎಂದ. "ಏನು ಎಂಬುದನ್ನು ನಾನು ಹೇಳುತ್ತೇನೆ."

ಆ ವಾರ ಇಬ್ಬರೂ ಕೂತರು. ಅದೇ ಪದ. ಮಂತ್ರಿ ತಲೆ ತಗ್ಗಿಸಿದ. ನೇಕಾರ ಹೇಳಿದ: "ಮಂತ್ರಿ, ನಿನ್ನ ಎದೆಯಲ್ಲಿ ಒಂದು ಮಾತು ಅತ್ತಿಂದಿತ್ತ ನಡೆದಾಡುತ್ತಿದೆ. ಅದರ ಹೆಜ್ಜೆ ಸಪ್ಪಳ ನನಗೆ ಕೇಳಿಸುತ್ತದೆ. ಬಹಳ ದಿನದಿಂದ ನಿದ್ದೆ ಮಾಡದ ಹೆಜ್ಜೆ ಅದು. ಅದರ ಮುಖ ಮಾತ್ರ ನನಗೆ ಕಾಣದು. ಕೋಟೆಯ ಬಾಗಿಲು ತೆರೆದವನು ನೀನು. ಈ ಬಾಗಿಲನ್ನೂ ನೀನೇ ತೆರೆಯಬೇಕು."

ಇಷ್ಟು ಹೇಳಿ ನೇಕಾರ ಸುಮ್ಮನಾದ. ಸುಮ್ಮನಿರುವುದು ಅವನಿಗೆ ಸುಲಭವಾಗಿರಲಿಲ್ಲ. ಆದರೂ ಕಾದ.

ಬಳೆಗಾರ ತಲೆ ಎತ್ತಿದ. "ಹೊರಗೆ ಒಬ್ಬ ತಾಯಿ ನೀರು ಕೇಳಿದಳು," ಎಂದ. "ಶತ್ರು ಅವಳ ಹಿಂದೆಯೇ ಇದ್ದಾನೆಂದು ನನಗೆ ಗೊತ್ತಿತ್ತು. ಬಾಗಿಲು ತೆರೆದರೆ ಕೋಟೆ ಹೋಗುತ್ತದೆಂದೂ ಗೊತ್ತಿತ್ತು. ಮೂರು ಸಲ ಕಿವಿ ಮುಚ್ಚಿಕೊಂಡೆ. ನಾಲ್ಕನೆಯ ಸಲ ಕೇಳಿದ್ದು ಅವಳಲ್ಲ, ಅವಳ ಮಗು. ಯಕ್ಷನೇ, ಕೋಟೆ ಕಳೆದವನೆಂದು ನನ್ನನ್ನು ಶಿಕ್ಷಿಸು. ಆ ಮಗು ನೀರು ಕುಡಿಯಿತೋ ಇಲ್ಲವೋ, ಅದೊಂದನ್ನು ನನಗೆ ಹೇಳು. ನಿನಗೆ ಎಲ್ಲರ ಮನಸ್ಸೂ ಕೇಳಿಸುತ್ತದಲ್ಲ."

ನೇಕಾರನಿಗೆ ಇದು ಹೊಸದು. ಮದ್ದಳೆಯವನ ಕೈ ಮದ್ದಳೆಯ ಮೇಲೇ ನಿಂತಿತು. ನೇಕಾರ, ಪದದಲ್ಲಿ ಇಲ್ಲದಿದ್ದರೂ, ಮಂತ್ರಿಗೆ ಕೈ ಮುಗಿದ. "ಕುಡಿಯಿತು," ಎಂದ. "ಮಂತ್ರಿ, ಸಾವಿರ ಮನಸ್ಸುಗಳನ್ನು ನಾನಾಗಿ ಕೇಳಿದ್ದೇನೆ. ತಾನಾಗಿ ತೆರೆದುಕೊಟ್ಟವನು ನೀನೊಬ್ಬ. ನಿನ್ನ ಉಪಕಾರ ದೊಡ್ಡದು."

ಆ ಮಾತು ಯಕ್ಷನದೋ ನೇಕಾರನದೋ ಯಾರಿಗೂ ತಿಳಿಯಲಿಲ್ಲ. ಬಳೆಗಾರನಿಗೆ ತಿಳಿಯಿತು. ಮನೆಗೆ ಹೋಗುವಾಗ ಜನ ಹೇಳಿಕೊಂಡರು: "ಯಕ್ಷನ ಶಕ್ತಿ ಅಂದರೆ ಇದು. ಹೋದ ಸಲ ಇಷ್ಟು ಇರಲಿಲ್ಲ."

ಇಲ್ಲಿಗೆ ಮಾಸ್ತರರು ಕತೆ ನಿಲ್ಲಿಸಿದರು.

ನನಗೆ ಸಮಾಧಾನವಾಗಲಿಲ್ಲ. "ಆದರೆ ಗುರುಗಳೇ," ಎಂದೆ, "ಎರಡನೆಯ ಸಲ ಯಕ್ಷನಿಗೆ ಮನಸ್ಸಿನ ಮಾತು ಕೇಳಿಸಲೇ ಇಲ್ಲ. ಎಲ್ಲವನ್ನೂ ಮಂತ್ರಿಯೇ ಹೇಳಿದ. ಹಾಗಾದರೆ ಯಕ್ಷನ ಶಕ್ತಿಯನ್ನು ಕಡಿಮೆ ಮಾಡಿದಂತೆ ಆಯಿತಲ್ಲ?"

ಮಾಸ್ತರರು ಕನ್ನಡಕ ತೆಗೆದು ಒರೆಸಿದರು.

"ಆ ಶಕ್ತಿ ಯಕ್ಷನಿಗೆ ಇದೆಯೆಂದು ಮೊದಲು ಒಪ್ಪಿಕೊಂಡವನು ಯಾರು?" ಎಂದರು.



ಕತೆ ಅಲ್ಲಿಗೆ ಮುಗಿಯಿತು. ಅಲ್ಲಿಗೇ ನಿಲ್ಲಿಸಬೇಕೆಂದು ನನಗೂ ಗೊತ್ತು. ಆದರೆ ಎರಡು ಮಾತು ಹೇಳದೆ ಹೋದರೆ ಕೃತಘ್ನನಾಗುತ್ತೇನೆ. ಮರುದಿನ ನಾನು ಜಲಜಕ್ಕನ ಹೊಲಿಗೆ ತರಗತಿಗೆ ಹೋದೆ. ಅವರು ಬಟ್ಟೆ ಕತ್ತರಿಸುತ್ತಿದ್ದರು. ಏನೇನೋ ಹೇಳಬೇಕೆಂದು ಹೋದವನಿಗೆ ಬಾಯಿಗೆ ಬಂದದ್ದು ಒಂದೇ. "ಜಲಜಕ್ಕ, ಗಂಧರ್ವನಿಗೆ ಎಷ್ಟು ಕೇಳಿಸಲಿ?" ಎಂದು ಕೇಳಿದೆ. ಅವರು ಕತ್ತರಿ ಕೆಳಗಿಟ್ಟರು. "ಮಾಸ್ತರರು ನಿನಗೂ ಬಳೆಗಾರನ ಕತೆ ಹೇಳಿದರಾ?" ಎಂದು ನಕ್ಕರು. "ನನಗೆ ಹೇಳಿ ಹದಿನೆಂಟು ವರ್ಷ ಆಯಿತು. ಆಗ ಎದುರಿಗೆ ಕೂತವರು ಅವರೇ. ಅವರ ಮಾತನ್ನೂ ನಾನೇ ಹೇಳಿಬಿಟ್ಟಿದ್ದೆ."

ಇವತ್ತು ಭಾನುವಾರ. ಜಲಜಕ್ಕ ಬಂದಿದ್ದಾರೆ. ಹೊರಗೆ ಚಾಪೆ ಹಾಸಿದ್ದಾರೆ, ಭಾಗವತರು ಶ್ರುತಿ ಹಿಡಿದಿದ್ದಾರೆ. ರಾಣಿಯ ಮನಸ್ಸಿನಲ್ಲಿ ಏನಿದೆಯೆಂದು ನನಗೆ ಗೊತ್ತಿಲ್ಲ. ಗೊತ್ತಿಲ್ಲದೆ ಇಷ್ಟು ಸಂತೋಷವಾಗಬಹುದೆಂದು ನಾನು ಎಣಿಸಿರಲಿಲ್ಲ. ಮಾಸ್ತರರು ಹೇಳಿದ್ದರ ಅರ್ಥವನ್ನು ಇನ್ನೂ ಸ್ವಲ್ಪ ಬಿಡಿಸಿ ಹೇಳುವುದಾದರೆ, ಎದುರಿಗೆ ಕೂತವರು ನಮ್ಮನ್ನು ಗಂಧರ್ವನೆಂದು ನಂಬಿದ ಆ ಗಳಿಗೆಯಲ್ಲಿ ನಾವು ಅವರಿಗೆ ಎಷ್ಟು ಋಣಿಗಳೆಂದರೆ, ಅದನ್ನು ತೀರಿಸುವ ದಾರಿ ಒಂದೇ, ಅದು ಯಾವುದೆಂದರೆ

"ಏ ಗಂಧರ್ವ! ಬರೆದದ್ದು ಸಾಕು ಮಾರಾಯ, ಬಾ. ಒಂದು ಮಾತು ಇಟ್ಟುಕೊಂಡು ಎಷ್ಟು ಹೊತ್ತಿನಿಂದ ಕೂತಿದ್ದೇನೆ ನಾನು!"

ಜಲಜಕ್ಕ ಕರೆಯುತ್ತಿದ್ದಾರೆ.