ಮೂರನೇ ಕ್ಲಾಸಿನ ಮಾದ ಸಾರ್

ಕತೆ ಹೇಳ್ತೀನಿ, ಹೂಂ ಅಂತಿರಬೇಕು. ಹೂಂ ಅನ್ನದೋರ ಮನೆಗೆ ಮಾದನ್ನ ಕಳಿಸ್ತೀನಿ. ಆಮೇಲೆ ಬಾಯಿ ಬಾಯಿ ಬಡ್ಕೊಂಡ್ರೆ ನನ್ನ ಕೇಳಬೇಡಿ.

ಮಾದ ಅಂದ್ರೆ ಯಾರು? ಸಾಕಮ್ಮನ ಮಗ. ಸಾಕಮ್ಮ ಅಂದ್ರೆ ಯಾರು? ಸ್ಕೂಲಲ್ಲಿ ಬಿಸಿಯೂಟ ಬೇಯಿಸೋಳು. ಅವಳಿಗೆ ಇವನೊಬ್ಬನೇ ಮಗ. ಆಳು ನೋಡಿದ್ರೆ ಬಾಗಿಲಿಗೆ ತಲೆ ತಾಕ್ತದೆ, ಮನಸ್ಸು ನೋಡಿದ್ರೆ ಹಾಲು, ಬುದ್ಧಿ ಮಾತ್ರ ಕೇಳಬೇಡಿ. ಹೇಳಿದ್ದನ್ನ ಹೇಳಿದಂಗೇ ಮಾಡ್ತಾನೆ, ಸುಳ್ಳು ಯಾಕೆ ಹೇಳಲಿ. ಆದ್ರೆ ಇವತ್ತು ಹೇಳಿದ್ದನ್ನ ನಾಳೆ ಮಾಡ್ತಾನೆ, ಇಲ್ಲಿಗೆ ಹೇಳಿದ್ದನ್ನ ಅಲ್ಲಿ ಮಾಡ್ತಾನೆ. ಹೋಟ್ಲಿಗೆ ಸೇರಿಸಿದ್ಲು, ಓಡಿಸಿದ್ರು. ರೈಸ್‌ಮಿಲ್ಲಿಗೆ ಸೇರಿಸಿದ್ಲು, ಅಲ್ಲೂ ಓಡಿಸಿದ್ರು.

"ನನ್ನ ಕೈಕಾಲು ಬಿದ್ದುಹೋದ ಮೇಲೆ ಇವನಿಗೆ ಯಾರಪ್ಪಾ ಒಂದು ತುತ್ತು ಅನ್ನ ಹಾಕ್ತಾರೆ?" ಇದೊಂದೇ ಸಾಕಮ್ಮನ ಚಿಂತೆ. ಒಲೆ ಮುಂದೆ ಕೂತ್ರೂ ಅದೇ, ಅಕ್ಕಿ ಆರಿಸ್ತಾ ಕೂತ್ರೂ ಅದೇ.

ಹಿಂಗಿರೋವಾಗ ಮೂರನೇ ಕ್ಲಾಸಿನ ಮೇಷ್ಟ್ರಿಗೆ ವರ್ಗ ಆಯ್ತು. ಮೂರನೇ ಕ್ಲಾಸು ಅಂದ್ರೆ ಅದು ಕ್ಲಾಸಲ್ಲ, ಸಂತೆ. ಆ ಸಂತೆಗೆ ಯಜಮಾನಿ ಚೆಲುವಿ ಅಂತ ಒಂದು ಹುಡುಗಿ. ಬೆಂಚು ಹತ್ತಿ ಕುಣಿಯೋಳೂ ಅವಳೇ, ಕೂತೋರ ಬೆಂಚು ಎಳೆಯೋಳೂ ಅವಳೇ.

ಹೆಡ್‌ಮೇಡಂ ವನಜಾಕ್ಷಿ ಅಡಿಗೆಮನೆ ಬಾಗಿಲಿಗೆ ಬಂದ್ರು. "ಸಾಕಮ್ಮ, ಹೊಸಬರು ಬರೋ ತನಕ ನಿನ್ನ ಮಗ ಆ ಮಕ್ಕಳನ್ನ ಒಂದು ಕಡೆ ಕೂರಿಸ್ಲಿ. ಪಾಠ ನಾನು ಮಾಡ್ಕೋತೀನಿ. ಸ್ಕೂಲಿಗೆ ಒಬ್ಬ ಜವಾನ ಬೇಕು ಅಂತ ಬರೆದಿದ್ದೀನಿ. ಮೇಲಿನ ಆಫೀಸಿಂದ ಸಾಹೇಬರು ನೋಡೋಕೆ ಬರ್ತಾರೆ. ಅವರು ಒಪ್ಪಿದ್ರೆ ಆ ಕೆಲಸ ಇವನಿಗೇ."

ಸಾಕಮ್ಮ ಸೌಟು ಹಿಡ್ಕೊಂಡೇ ಕೈ ಮುಗಿದ್ಲು. "ಮೇಡಂ, ಇವನ ವಿಷಯ ಗೊತ್ತಲ್ಲ ನಿಮಗೆ?"

"ಗೊತ್ತು. ಮೂರನೇ ಕ್ಲಾಸಿನ ವಿಷಯ ನಿನಗೂ ಗೊತ್ತು. ಬೇರೆ ಯಾರು ಬರ್ತಾರೆ ಹೇಳು?"

ಮಾದ ಒಳಗೆ ಹೋದ. ಮಕ್ಕಳು ಕೂಗಿದ್ರು. "ಕೂಗಬೇಡಿ!" ಅಂತ ಇವನೂ ಕೂಗಿದ. ಮಕ್ಕಳು ಇನ್ನೂ ಕೂಗಿದ್ರು, ಇವನು ಇನ್ನೂ ಕೂಗಿದ. ಹೆಂಚು ಹಾರೋದೊಂದು ಬಾಕಿ. ಮೇಡಂ ಓಡಿಬಂದ್ರು.

"ಥೂ, ಕೂಗಬಾರದು ಕಣೋ! ಗಲಾಟೆ ಆದ್ರೆ ಬಾಯಿ ಮೇಲೆ ಬೆರಳಿಟ್ಟು ನಿಂತ್ಕೋ. ಎಲ್ಲರೂ ಸುಮ್ಮನಾಗೋ ತನಕ ತುಟಿ ಬಿಚ್ಚಬೇಡ, ಜಾಗ ಬಿಟ್ಟು ಅಲ್ಲಾಡಬೇಡ!"

"ಆಯ್ತು ಮೇಡಂ, ಇನ್ಮೇಲೆ ಹಂಗೇ ಮಾಡ್ತೀನಿ," ಅಂದ. ಮಾಡದೆ ಬಿಡ್ತಾನಾ?

ಮಾರನೇ ದಿನ ಸಾಕಮ್ಮ ಸೊಪ್ಪು ತೊಳೆದು, ಬುಟ್ಟೀಲಿ ಸೋರೋಕಿಟ್ಟು, ನೀರಿಗೆ ಹೋದ್ಲು. ಯಾರದೋ ಮೇಕೆ ಒಂದು ಅಡಿಗೆಮನೆಗೆ ನುಗ್ತು. ನುಗ್ಗಿ ಬುಟ್ಟಿಗೆ ಬಾಯಿ ಹಾಕ್ತು. ಮಕ್ಕಳು ಕಂಡ್ರು. "ಸಾರ್ ಮೇಕೆ! ಸಾರ್ ಮೇಕೆ! ಸೊಪ್ಪು ತಿಂತಾ ಅದೆ ಸಾರ್!"

ಗಲಾಟೆ ಆಯ್ತಲ್ಲ? ಮಾದ ಬಾಯಿ ಮೇಲೆ ಬೆರಳಿಟ್ಟ. ಮಕ್ಕಳು ಕೂಗ್ತಾವೆ, ಇವನು ತುಟಿ ಬಿಚ್ಚಲ್ಲ. ಮೇಕೆ ಮೇಯ್ತದೆ, ಇವನು ಅಲ್ಲಾಡಲ್ಲ. ಸಾಕಮ್ಮ ಕೊಡ ಹೊತ್ಕೊಂಡು ಬಂದು ನೋಡ್ತಾಳೆ, ಬುಟ್ಟಿ ಖಾಲಿ, ಮೇಕೆಗೆ ತೇಗು.

"ಅಯ್ಯೋ ನನ್ನ ಹಣೆಬರಹವೇ! ಬಾಗಿಲಿಗೆ ಬಂದದ್ದನ್ನ ಕೋಲು ತಗೊಂಡು ಹೊಯ್ ಹೊಯ್ ಅಂತ ಅಟ್ಟಬೇಕು ಕಣೋ ಬೆಪ್ಪೇ!"

"ಆಯ್ತು ಬಿಡವ್ವ, ಇನ್ಮೇಲೆ ಹಂಗೇ ಮಾಡ್ತೀನಿ."

ಮಾಡದೆ ಬಿಡ್ತಾನಾ? ಸ್ಕೂಲ್ ಕಮಿಟಿ ಅಧ್ಯಕ್ಷರು ಚನ್ನೇಗೌಡ್ರು ಅಂತ. ಮಾತೆತ್ತಿದ್ರೆ ಮೀಸೆ ತಿರುವೋ ಮನುಷ್ಯ. ಅವರ ಮೊಮ್ಮಗ ಮರಿಸ್ವಾಮಿ ಒಂದನೇ ಕ್ಲಾಸು. ಅವತ್ತು ಅವನ ಹುಟ್ಟಿದಬ್ಬ. ಗೌಡ್ರು ಬಿಳೀ ಪಂಚೆ ಉಟ್ಕೊಂಡು, ಬಾಳೆಗೊನೆ ಹೆಗಲ ಮೇಲೆ ಇಟ್ಕೊಂಡು, ಕ್ಲಾಸ್ ಕ್ಲಾಸಿಗೂ ಹಣ್ಣು ಹಂಚ್ತಾ ಬಂದ್ರು. ಮೂರನೇ ಕ್ಲಾಸಿನ ಬಾಗಿಲಿಗೆ ಬಂದು, "ಏನ್ರಪ್ಪಾ ಮಕ್ಕಳಾ" ಅಂದಿದ್ದೇ ತಡ, ಮಾದ ಕೋಲು ಎತ್ಕೊಂಡ.

"ಹೊಯ್! ಹೊಯ್! ನಡಿ ಆಚೆಗೆ!"

"ಲೇ ಲೇ, ನಾನು ಕಣೋ!"

"ಹೊಯ್!"

ಗೌಡ್ರು ಮುಂದೆ, ಮಾದ ಹಿಂದೆ. ಗೊನೆ ಒಂದು ಕಡೆ, ಪಂಚೆ ಒಂದು ಕಡೆ. ಮಕ್ಕಳು ಹಣ್ಣು ಆರಿಸ್ಕೊಂಡು ತಿಂದ್ರು, ಅದು ಬೇರೆ ಮಾತು.

ಮೇಡಂ ತಲೆ ಮೇಲೆ ಕೈ ಹೊತ್ಕೊಂಡ್ರು. "ಅಟ್ಟೋದೇನೋ! ಬಾಗಿಲಲ್ಲಿ ಯಾರೇ ಒಳಗೆ ಬರಲಿ, ಮಕ್ಕಳನ್ನ ಎಬ್ಬಿಸಿ ನಿಲ್ಲಿಸಿ, ನಗ್ತಾ ಮಳೆ ಚಪ್ಪಾಳೆ ಹೊಡೆಸಬೇಕು!"

ಮಳೆ ಚಪ್ಪಾಳೆ ಗೊತ್ತಲ್ಲ ನಿಮಗೆ? ಮೊದಲು ಅಂಗೈ ಮೇಲೆ ಒಂದು ಬೆರಳು, ಆಮೇಲೆ ಎರಡು, ಆಮೇಲೆ ಮೂರು, ನಾಕು, ಐದು. ಹನಿ ಹಾಕಿದಂಗೆ ಶುರುವಾಗಿ ದಬದಬ ಅಂತ ಸುರೀತದೆ. ಮಾದನಿಗೆ ಅದು ಬಲೇ ಇಷ್ಟ ಆಗೋಯ್ತು.

"ಆಯ್ತು ಮೇಡಂ, ಇನ್ಮೇಲೆ ಹಂಗೇ ಮಾಡ್ತೀನಿ."

ಮಧ್ಯಾಹ್ನ ಚೆಲುವಿಗೂ ಸಿದ್ದುಗೂ ಜಗಳ ಹತ್ಕೊಂಡ್ತು. ಬಳಪದ ಜಗಳ. ಜಗಲಿ ಮೇಲೆ ಚೆಲುವಿ ಸಿದ್ದುನ ತಳ್ಳಿದ್ಲು ನೋಡಿ, ಅವನು ಬಾಗಿಲಲ್ಲಿ ಹಾರ್ಕೊಂಡು ಒಳಗೆ ಬಂದು ಧೊಪ್ ಅಂತ ಬಿದ್ದ. ಮಂಡಿ ಕಿತ್ತು ರಕ್ತ! "ಅವ್ವೋ!" ಅಂತ ಅತ್ತ.

ಬಾಗಿಲಲ್ಲಿ ಬಂದನಲ್ಲ? ಮಾದ ಎದ್ದು ನಗ್ತಾ, "ಎಲ್ಲಾ ಎದ್ದೇಳ್ರಪ್ಪಾ! ಮಳೆ ಚಪ್ಪಾಳೆ!" ಅಂದ. ಸಿದ್ದು ಅಳ್ತಾನೆ, ಕ್ಲಾಸು ಚಪ್ಪಾಳೆ ತಟ್ತದೆ. ಐದನೇ ಬೆರಳು ಬರೋ ಹೊತ್ತಿಗೆ ಚೆಲುವಿಗೇ ತಡೀಲಿಲ್ಲ. "ಸಾರ್, ಹಂಗಲ್ಲ ಸಾರ್! ಪಾಪ ಸಾರ್ ಅವನು!" ಅಂದು ಓಡಿಹೋಗಿ, ತನ್ನ ಲಂಗದ ಅಂಚಲ್ಲಿ ಅವನ ಮಂಡಿ ಒರೆಸಿದ್ಲು. ಯಾವತ್ತೂ ಯಾರಿಗೂ ಪಾಪ ಅಂದೋಳಲ್ಲ ಅವಳು.

ಸಾಕಮ್ಮ ಅರಿಶಿನ ಹಚ್ತಾ ಮಗನಿಗೆ ಬೈದ್ಲು. "ಅಯ್ಯೋ ನನ್ನ ಹಣೆಬರಹವೇ! ಇಬ್ಬರು ಕಿತ್ತಾಡ್ತಿದ್ರೆ ಇಬ್ಬರ ಕೈ ಸೇರಿಸಿ, ಠೂ ಬಿಡಬೇಡಿ, ಕೈ ಹಿಡ್ಕೊಂಡು ಜೊತೇಲಿ ಹೋಗಿ ಅಂತ ಹೇಳಬೇಕು ಕಣೋ!"

"ಆಯ್ತು ಬಿಡವ್ವ, ಇನ್ಮೇಲೆ ಹಂಗೇ ಮಾಡ್ತೀನಿ."

ಈ ಸಲ ಮಾಡಿದ್ದು ಮಾತ್ರ ಸಾಕಮ್ಮನ ಎದೆ ಒಡೆಯೋಂಥದ್ದು. ಸ್ಕೂಲ್ ಬಿಡೋ ಹೊತ್ತು. ಗೇಟಿನ ಹತ್ತಿರ ಸೈಕಲ್ಲಲ್ಲಿ ಐಸ್‌ಕ್ಯಾಂಡಿ ಮಾರೋನು ನಿಂತವನೆ. ಗೌಡ್ರ ಮೊಮ್ಮಗ ಮರಿಸ್ವಾಮಿ ಅವನ ಅಂಗಿ ಹಿಡ್ಕೊಂಡು, "ಕೊಡು! ಕೊಡು!" ಅಂತಾನೆ. ಅವನು "ಕಾಸಿಲ್ದೆ ಕೊಡಲ್ಲ, ಬಿಡೋ!" ಅಂತಾನೆ. ಕಿತ್ತಾಡ್ತಾ ಅವರೆ ಅಂತ ಮಾದ ಹೋದ. ಇಬ್ಬರ ಕೈ ಸೇರಿಸಿದ. "ಠೂ ಬಿಡಬಾರದು. ಕೈ ಹಿಡ್ಕೊಂಡು ಜೊತೇಲಿ ಹೋಗಿ," ಅಂತ ಮೊಮ್ಮಗನ್ನ ಎತ್ತಿ ಸೈಕಲ್ ಮೇಲೇ ಕೂರಿಸಿದ. ಮೇಷ್ಟ್ರೇ ಹೇಳ್ತಾ ಅವರೆ, ಇವನು ನಾನು ಹೋಗೋ ಪಕ್ಕದೂರಿನ ಕೂಸೇ ಇರಬೇಕು ಅಂತ ಐಸ್‌ಕ್ಯಾಂಡಿಯವನು ಪೆಡಲ್ ತುಳಿದ.

ಮಗು ಇಲ್ಲ! ಊರೆಲ್ಲಾ ಹುಡುಕಾಟ. ಬಾವಿ ನೋಡಿದ್ರು, ಬಣವೆ ನೋಡಿದ್ರು. ಗೌಡ್ರ ಸೊಸೆ ಎದೆ ಎದೆ ಹೊಡ್ಕೊಂಡ್ಲು. ಸಾಕಮ್ಮ ಸೆರಗು ಬಾಯಿಗೆ ತುರುಕ್ಕೊಂಡು ಕಂಡ ದೇವರಿಗೆಲ್ಲಾ ಹರಕೆ ಹೊತ್ಲು. ಆಮೇಲೆ ಟಿಣ್ ಟಿಣ್ ಅಂತ ಬೆಲ್ಲು ಕೇಳ್ತು. ಪಕ್ಕದೂರಲ್ಲಿ ಯಾರೂ ನಮ್ಮ ಕೂಸಲ್ಲ ಅಂದಿದ್ದಕ್ಕೆ ಐಸ್‌ಕ್ಯಾಂಡಿಯವನು ಗಾಬರಿ ಬಿದ್ದು ವಾಪಸ್ ತುಳ್ಕೊಂಡು ಬಂದಿದ್ದ. ಮುಂದೆ ಮರಿಸ್ವಾಮಿ, ಮೂತಿ ಕೆಂಪು, ನಾಲಿಗೆ ಕೆಂಪು, ಎರಡೂ ಕೈಲಿ ಕ್ಯಾಂಡಿ. ಉಸ್ಸಪ್ಪಾ! ಹೋದ ಜೀವ ಬಂದಂಗಾಯ್ತು ಎಲ್ಲರಿಗೂ.

"ಲೋ ಮಾದ!" ಅಂದ್ರು ಮೇಡಂ. "ಕೇಳಿಸ್ಕೋ. ಯಾರೇ ಆಗಲಿ, ಎಷ್ಟೇ ಅಳಲಿ, ಅವರವರ ಅವ್ವ ಬಂದು ಕೈ ಹಿಡಿಯೋ ತನಕ ಒಬ್ಬರನ್ನೂ ಗೇಟು ದಾಟಿಸಬೇಡ!"

"ಆಯ್ತು ಮೇಡಂ, ಇನ್ಮೇಲೆ ಹಂಗೇ ಮಾಡ್ತೀನಿ."

"ಇನ್ಮೇಲೆ ಎಲ್ಲಿ ಬಂತು?" ಅಂತ ಗೌಡ್ರು ಗುಡುಗಿದ್ರು. "ನಾಳೆ ಸಾಹೇಬರು ಬರ್ತಾರೆ. ಅವರ ಮುಂದೇನೇ ಇವನನ್ನ ಓಡಿಸ್ತೀನಿ!"

ಮಾರನೇ ಬೆಳಿಗ್ಗೆ ಸಾಕಮ್ಮ ಒಲೆ ಹಚ್ತಾ ಕಣ್ಣೊರೆಸ್ಕೊಳ್ತಿದ್ಲು. ಹೊಗೆಗಲ್ಲ. ಚೆಲುವಿ ಬಂದು ಬಾಗಿಲಲ್ಲಿ ನಿಂತ್ಲು.

"ಅಜ್ಜಿ, ಮಾದ ಸಾರ್‌ನ ಓಡಿಸ್ತಾರಾ?"

"ಓಡಿಸ್ತಾರೆ ಕಣವ್ವ. ಇದು ಕೊನೆ. ಇನ್ನೆಲ್ಲೂ ಅವನನ್ನ ಇಟ್ಕೊಳ್ಳಲ್ಲ."

ಚೆಲುವಿ ಮೂಗು ಸೀಟಿದ್ಲು. "ನಾವು ಬಿಡಲ್ಲ. ಮಾದ ಸಾರ್ ಒಂದು ದಿನಾನೂ ಹೊಡೆದಿಲ್ಲ. ನಾವು ಹೇಳಿದ್ದೂ ಕೇಳ್ತಾರೆ," ಅಂದು ಓಡಿಹೋದ್ಲು.

ಸಾಕಮ್ಮ ಮಗನ್ನ ಕರೆದು ಕೆನ್ನೆ ಸವರಿದ್ಲು. "ಮಗಾ, ಇವತ್ತು ನೀನು ಏನೂ ಮಾಡಬೇಡ. ಕ್ಲಾಸೊಳಗೆ ಮಕ್ಕಳು ಹೆಂಗೆ ಹೇಳ್ತಾವೋ ಹಂಗೆ ಕೇಳು."

ಸಾಹೇಬರ ಜೀಪು ಬಂತು. ಗೌಡ್ರು, ಮೇಡಂ, ಸಾಹೇಬರು ಮೂರನೇ ಕ್ಲಾಸಿಗೆ ನಡೆದ್ರು. ಸಾಕಮ್ಮ ಕಿಟಕಿಗೆ ಮೂತಿ ಒತ್ಕೊಂಡು ನಿಂತ್ಲು, ಅನ್ನ ತಳ ಹಿಡಿದ್ರೂ ಪರವಾಗಿಲ್ಲ ಅಂತ.

ಒಳಗೆ ಏನು ನೋಡ್ತಾಳೆ! ಗದ್ದಲ ಇಲ್ಲ. ಚೆಲುವಿ ಬಾಯಿ ಮೇಲೆ ಬೆರಳಿಟ್ಟವಳೆ, ಮಕ್ಕಳೆಲ್ಲಾ ಬಾಯಿ ಮೇಲೆ ಬೆರಳಿಟ್ಟವೆ, ಮಧ್ಯದಲ್ಲಿ ಮಾದನೂ ಇಟ್ಟವನೆ. ಸಾಹೇಬರು ಬಾಗಿಲಿಗೆ ಬಂದ್ರು, ಎಲ್ಲಾ ಎದ್ದು ಮಳೆ ಚಪ್ಪಾಳೆ. ಹನಿ ಹನಿ, ಆಮೇಲೆ ದಬದಬ. ಅವರ ಹಿಂದೇನೇ ಅದೇ ಮೇಕೆ ಇಣುಕ್ತು. ಸಾಕಮ್ಮನ ಜೀವ ಬಾಯಿಗೆ ಬಂತು. ಸಿದ್ದು ಮೆಲ್ಲಗೆ ಎದ್ದು, ಕೋಲು ತಗೊಂಡು ಅದನ್ನ ಆಚೆ ಬಿಟ್ಟು ಬಂದ. ಕೂರೋವಾಗ ಯಾವನೋ ಅವನ ಜಾಗ ಹಿಡಿದಿದ್ದ. ಇಬ್ಬರೂ ಮುಖ ಮುಖ ನೋಡ್ಕೊಂಡ್ರು, ಕೈ ಕೈ ಹಿಡ್ಕೊಂಡ್ರು, ಸರ್ಕೊಂಡು ಒಟ್ಟಿಗೇ ಕೂತ್ರು.

"ಯಾರಪ್ಪಾ ಕಲಿಸಿದ್ದು ಇದನ್ನೆಲ್ಲಾ?" ಅಂದ್ರು ಸಾಹೇಬರು.

"ಮಾದ ಸಾರ್!"

"ಹೆಂಗೆ ಕಲಿಸಿದ್ರು?"

ಚೆಲುವಿ ಎದ್ದು ನಿಂತ್ಲು. "ಅವರು ಕಲಿಸಲ್ಲ ಸಾರ್. ತಪ್ಪು ಮಾಡಿ ಬೈಸ್ಕೋತಾರೆ. ಅವರನ್ನ ನೋಡಿ ನಮಗೆ ಪಾಪ ಅನ್ನಿಸ್ತದಲ್ಲ, ಅದಕ್ಕೆ ನಾವೇ ಮೊದಲು ಸರಿಯಾಗಿ ಮಾಡಿಬಿಡ್ತೀವಿ."

ಸಾಹೇಬರು ನಕ್ಕೇ ನಕ್ರು. ಗೌಡ್ರು ಮೀಸೆಗೆ ಹಾಕಿದ ಕೈ ಕೆಳಗಿಳಿಸಿದ್ರು. "ಸಂಜೆ ಆಫೀಸಿಗೆ ಹೋಗಿ ಯೋಚನೆ ಮಾಡ್ತೀನಿ ಮೇಡಂ," ಅಂದ್ರು ಸಾಹೇಬರು.

ಯೋಚನೆ ಅಂದಿದ್ದೇ ಸಾಕು, ಸಾಕಮ್ಮನಿಗೆ ಅರ್ಧ ಉಸಿರು ಬಂತು. ಹೋಗಿ ಅನ್ನ ಬಸಿದ್ಲು.

ಇನ್ನರ್ಧ ಉಸಿರು ಬರಬೇಕಲ್ಲ! ಗೇಟಿನ ಹತ್ತಿರ ಏನೋ ಕೂಗಾಟ. ಸಾಕಮ್ಮ ಸೌಟು ಸಮೇತ ಓಡಿದ್ಲು. ಗೇಟು ಮುಚ್ಚಿದೆ. ಗೇಟಿಗೆ ಬೆನ್ನು ಕೊಟ್ಟು ಮಾದ ನಿಂತವನೆ. ಮುಂದೆ ಸಾಹೇಬರು, ಗೇಟಾಚೆ ಅವರ ಜೀಪು.

"ಬಿಡಪ್ಪಾ, ಹೊತ್ತಾಯ್ತು!"

"ಬಿಡಲ್ಲ ಸಾರ್. ನಿಮ್ಮವ್ವ ಬರ್ಲಿ."

"ಏನು?"

"ಅವರವರ ಅವ್ವ ಬಂದು ಕೈ ಹಿಡಿಯೋ ತನಕ ಯಾರನ್ನೂ ಬಿಡಂಗಿಲ್ಲ. ಅತ್ರೂ ಬಿಡಲ್ಲ."

"ಲೇ, ಸಾಹೇಬರು ಕಣೋ!" ಅಂತ ಗೌಡ್ರು ಮುಂದೆ ಬಂದ್ರು.

"ನಿಮ್ಮವ್ವನೂ ಬರ್ಲಿ ಗೌಡ್ರೇ."

ಮೇಡಂ ಮುಖ ಬಿಳಿಚ್ಕೊಂಡ್ತು. ಸಾಹೇಬರ ಮುಖ ಕೆಂಪಾಯ್ತು. ಹೋಯ್ತು, ಕೆಲಸ ಹೋಯ್ತು, ಎಲ್ಲಾ ಹೋಯ್ತು ಅಂತ ಸಾಕಮ್ಮನಿಗೆ ಕಣ್ಣು ಕತ್ತಲೆ ಬಂತು. ಬೈದು ಪ್ರಯೋಜನ ಇಲ್ಲ, ಇವತ್ತು ಬೈದ್ರೆ ಇವನು ಅದನ್ನ ಮಾಡೋದು ನಾಳೆಗೆ. ಸೌಟು ಸೊಂಟಕ್ಕೆ ಸಿಗಿಸ್ಕೊಂಡ್ಲು. ನೇರ ಹೋಗಿ ಸಾಹೇಬರ ಕೈ ಹಿಡ್ಕೊಂಡ್ಲು.

"ಬಿಡೋ ಮಗಾ. ನಾನೇ ಇವರವ್ವ. ಕರ್ಕೊಂಡು ಹೋಗೋಕೆ ಬಂದಿದ್ದೀನಿ."

ಮಾದ ಒಂದು ಸಲ ಅವ್ವನ್ನ ನೋಡ್ದ, ಒಂದು ಸಲ ಸಾಹೇಬರನ್ನ ನೋಡ್ದ. "ಹೌದಾ ಸಾರ್?"

ಸಾಹೇಬರು ಸಾಕಮ್ಮನ ಒದ್ದೆ ಕೈ ಒಳಗಿದ್ದ ತಮ್ಮ ಕೈ ನೋಡ್ಕೊಂಡ್ರು. ಆಮೇಲೆ, "ಹೂಂ ಕಣಪ್ಪಾ, ನಮ್ಮವ್ವನೇ," ಅಂದ್ರು.

ಗೇಟು ತೆಗೀತು. ಸಾಕಮ್ಮ ಜೀಪಿನ ತನಕ ಕೈ ಬಿಡಲಿಲ್ಲ. ಸಾಹೇಬರು ಹತ್ತಿ ಕೂತು ಮೇಡಂ ಕಡೆ ತಿರುಗಿ, "ಯೋಚನೆ ಮುಗೀತು ಮೇಡಂ. ಇವನನ್ನ ಈ ಗೇಟಿಗೇ ಹಾಕಿ. ಇವನು ನಿಂತಿರೋ ಗೇಟಿಂದ ಒಂದು ಕೂಸೂ ಕಳೆದುಹೋಗಲ್ಲ. ಇವತ್ತೇ ಆರ್ಡರ್ ಕಳಿಸ್ತೀನಿ," ಅಂದ್ರು. ಜೀಪು ಹೋಯ್ತು. ಸಾಕಮ್ಮನಿಗೆ ಪೂರ್ತಿ ಉಸಿರು ಬಂತು. ಧೂಳಲ್ಲೇ ನಿಂತು ಅತ್ಲು, ನಕ್ಕೂ ನಕ್ಲು.

ಸಂಜೆ ಗಂಟೆ ಹೊಡೀತು. ಒಬ್ಬೊಬ್ಬರ ಅವ್ವ ಬಂದ್ರು, ಕೈ ಹಿಡಿದ್ರು, ಕರ್ಕೊಂಡು ಹೋದ್ರು. ಮೇಡಂ ಬ್ಯಾಗು ಹಿಡ್ಕೊಂಡು ಬಂದು ಗೇಟಲ್ಲಿ ನಿಂತು, "ಸಾಕಮ್ಮ, ನನಗೂ ಸ್ವಲ್ಪ ಅವ್ವ ಆಗಮ್ಮ, ಬಸ್ಸು ಹೋಗ್ತದೆ," ಅಂದ್ರು. ಆಯ್ತು. ಗೌಡ್ರೂ ಕೆಮ್ಮುತ್ತಾ ಬಂದು ಕೈ ಚಾಚಿದ್ರು. ಅದೂ ಆಯ್ತು.

ಗೌಡ್ರನ್ನ ಗೇಟಾಚೆ ಬಿಟ್ಟು, ಸಾಕಮ್ಮ ಸಾರಿನ ಪಾತ್ರೆ ಕಂಕುಳಲ್ಲಿ ಇಟ್ಕೊಂಡು ಹೊರಟ್ಲು. ಹತ್ತು ಹೆಜ್ಜೆ ಹೋಗಿ ತಿರುಗಿ ನೋಡಿದ್ಲು. ಸ್ಕೂಲಲ್ಲಿ ನರಪಿಳ್ಳೆ ಇಲ್ಲ. ಮಾದ ಮಾತ್ರ ಗೇಟೊಳಗೇ ನಿಂತವನೆ.

"ಎಲ್ಲಾ ಹೋದ್ರಲ್ಲೋ! ನೀನ್ಯಾಕೋ ಇನ್ನೂ ನಿಂತಿದ್ದೀಯ? ಬಾರೋ!"

ಮಾದ ಕೈ ಮುಂದೆ ಚಾಚಿದ.

"ನೀನು ಬಂದು ಹಿಡ್ಕೊಂಡಿಲ್ಲವಲ್ಲವ್ವ."